ಟಾಮ್ ರಾಬಿನ್ಸನ್ ಕಟಕಟೆಯಲ್ಲಿ ಹೇಳಿದ ಮಾತು: ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯಲ್ಲಿ ಧೈರ್ಯ ಯಾರದು?

ನಿವೃತ್ತ ಮೇಷ್ಟ್ರು, ಶಿವಮೊಗ್ಗ:

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ 1960ರ ಜುಲೈನಲ್ಲಿ ಪ್ರಕಟವಾಯಿತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು, 1962ರಲ್ಲಿ ಸಿನಿಮಾ ಆಗಿ ಗ್ರೆಗರಿ ಪೆಕ್ ಅವರಿಗೆ ಆಸ್ಕರ್ ತಂದುಕೊಟ್ಟಿತು. ಅಂದಿನಿಂದಲೂ ಈ ಕಾದಂಬರಿಯ ಸಂದರ್ಭದಲ್ಲಿ ನೈತಿಕ ಧೈರ್ಯದ ಮಾತು ಬಂದರೆ ಎಲ್ಲರೂ ತೋರಿಸುವುದು ವಕೀಲ ಆಟಿಕಸ್ ಫಿಂಚ್‌ನನ್ನೇ. ಅವನು ಧೈರ್ಯವಂತನಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ನ್ಯಾಯಾಲಯದ ಕೋಣೆಯಲ್ಲಿ ತನ್ನ ಮಾತಿಗೆ ಅತಿ ಹೆಚ್ಚಿನ ಬೆಲೆ ತೆತ್ತವನು ಇನ್ನೊಬ್ಬನಿದ್ದಾನೆ, ಅವನನ್ನು ನಾವು ಕೇವಲ ಅನ್ಯಾಯಕ್ಕೆ ಒಳಗಾದ ಬಡಪಾಯಿ ಎಂದು ಓದಿ ಮುಂದೆ ಸಾಗಿಬಿಡುತ್ತೇವೆ ಎಂಬುದು ನನ್ನ ವಾದ.

ಓದದೆ ಇರುವವರಿಗಾಗಿ ಎರಡು ಮಾತು. ಅಲಬಾಮಾ ರಾಜ್ಯದ ಮೇಕಂಬ್ ಎಂಬ ಕಲ್ಪಿತ ಊರು, 1935ರ ಬೇಸಿಗೆ. ಟಾಮ್ ರಾಬಿನ್ಸನ್ ಇಪ್ಪತ್ತೈದು ವರ್ಷದ ಕಪ್ಪು ಕೂಲಿಕಾರ, ಮೂರು ಮಕ್ಕಳ ತಂದೆ. ಚಿಕ್ಕವನಿದ್ದಾಗ ಹತ್ತಿ ಜಿನ್ನಿಂಗ್ ಯಂತ್ರಕ್ಕೆ ಸಿಕ್ಕಿದ ಅವನ ಎಡಗೈ ಬಲಗೈಗಿಂತ ಒಂದು ಅಡಿಯಷ್ಟು ಗಿಡ್ಡವಾಗಿ, ನಿರ್ಜೀವವಾಗಿ ಜೋತುಬಿದ್ದಿದೆ. ಮೇಯೆಲ್ಲಾ ಯೂಯೆಲ್ ಎಂಬ ಹತ್ತೊಂಬತ್ತು ವರ್ಷದ ಬಿಳಿಯ ಹುಡುಗಿ ಅವನ ಮೇಲೆ ಅತ್ಯಾಚಾರದ ಆರೋಪ ಹೊರಿಸುತ್ತಾಳೆ. ಅವಳ ಗಾಯಗಳಿರುವುದು ಮುಖದ ಬಲಭಾಗದಲ್ಲಿ, ಅವಳ ಅಪ್ಪ ಬಾಬ್ ಯೂಯೆಲ್ ಎಡಚ.

ಸರ್ಕಾರಿ ವಕೀಲ ಗಿಲ್ಮರ್ ನಡೆಸುವ ಪಾಟೀಸವಾಲನ್ನು ದಯವಿಟ್ಟು ನಿಧಾನವಾಗಿ ಓದಿ. ಒಂದು ಬಿಡಿಗಾಸನ್ನೂ ಪಡೆಯದೆ ಆ ಮನೆಯ ಕೆಲಸಗಳನ್ನೆಲ್ಲ ಏಕೆ ಮಾಡಿಕೊಟ್ಟೆ ಎಂದು ಅವನು ಕೇಳುತ್ತಾನೆ. ಅವಳನ್ನು ಕಂಡು ಅಯ್ಯೋ ಪಾಪ ಅನ್ನಿಸಿತು, ಆ ಮನೆಯಲ್ಲಿ ಉಳಿದವರಿಗಿಂತ ಅವಳೇ ಹೆಚ್ಚು ಹೆಣಗುತ್ತಿದ್ದಳು ಎಂದು ಟಾಮ್ ಉತ್ತರಿಸುತ್ತಾನೆ. ಗಿಲ್ಮರ್ ಆ ಮಾತನ್ನು ಎತ್ತಿಕೊಂಡು ತೀರ್ಪು ಕೊಡಲು ಕುಳಿತ ಹನ್ನೆರಡು ಮಂದಿ ನಾಗರಿಕರ ಜ್ಯೂರಿಯ ಮುಂದೆ ಮತ್ತೆ ಹೇಳುತ್ತಾನೆ, ಅಷ್ಟರಲ್ಲಿ ಟಾಮ್‌ಗೆ ತಾನು ಏನು ಹೇಳಿಬಿಟ್ಟೆ ಎಂಬುದು ಅರ್ಥವಾಗಿರುತ್ತದೆ. ಕಪ್ಪು ಮನುಷ್ಯನೊಬ್ಬ ಬಿಳಿಯ ಹೆಣ್ಣನ್ನು ಕಂಡು ಮರುಗುವುದೆಂದರೆ ಅವಳಿಗಿಂತ ಒಂದು ಮೆಟ್ಟಿಲು ಮೇಲೆ ನಿಂತು ಅವಳನ್ನು ನೋಡಿದಂತೆ. ಆ ಜ್ಯೂರಿ ಅತ್ಯಾಚಾರದ ಸುಳ್ಳನ್ನು ನಂಬಿತೋ ಇಲ್ಲವೋ ಎಂಬುದು ನನ್ನ ದೃಷ್ಟಿಯಲ್ಲಿ ಗೌಣ, ಈ ಮರುಕವನ್ನಂತೂ ಅದು ಕ್ಷಮಿಸಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಹಾಗಾದರೆ ಆ ಹುಡುಗಿ ಸುಳ್ಳು ಹೇಳುತ್ತಿದ್ದಾಳೆಯೇ ಎಂದು ಗಿಲ್ಮರ್ ಪದೇಪದೇ ಕೆಣಕಿದಾಗ ಟಾಮ್ ‘ಸುಳ್ಳು’ ಎಂಬ ಪದವನ್ನು ಬಳಸುವುದಿಲ್ಲ, ಅವಳ ಮನಸ್ಸಿನಲ್ಲಿ ಏನೋ ತಪ್ಪು ಗ್ರಹಿಕೆಯಾಗಿದೆ ಎನ್ನುತ್ತಾನೆ. ಪ್ರಾಣ ಹೋಗುವ ಹೊತ್ತಿನಲ್ಲಿಯೂ ಎದುರಾಳಿಯ ಮರ್ಯಾದೆಯನ್ನು ಕಾಯುತ್ತ, ಅದೇ ಹೊತ್ತಿಗೆ ತಾನು ಮಾಡದ ತಪ್ಪನ್ನು ಒಪ್ಪಿಕೊಳ್ಳದೆ ನಿಲ್ಲುವ ಈ ನಡೆಯನ್ನು ನೀವೆಲ್ಲ ಏನೆಂದು ಕರೆಯುತ್ತೀರಿ?

ಕರಿಕೋಟು, ಹುಬ್ಬಳ್ಳಿ:

ಮೇಷ್ಟ್ರೇ, ಟಾಮ್‌ನ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಮೂವತ್ತು ವರ್ಷಗಳ ಹತ್ತಿರ ವಕಾಲತ್ತು ಮಾಡಿದವನಾಗಿ ಆಟಿಕಸ್‌ನ ಪರವಾಗಿಯೂ ವಿರುದ್ಧವಾಗಿಯೂ ಕೆಲವು ಮಾತು ಹೇಳಬೇಕಿದೆ.

ಮೊದಲು ಪರವಾಗಿ. ಅವನು ಈ ಮೊಕದ್ದಮೆಯನ್ನು ತಾನಾಗಿ ಹುಡುಕಿಕೊಂಡು ಹೋದವನಲ್ಲ, ನ್ಯಾಯಾಧೀಶ ಟೇಲರ್ ಅದನ್ನು ಅವನಿಗೆ ವಹಿಸಿದರು. ಸಾಮಾನ್ಯವಾಗಿ ಇಂಥ ಪ್ರಕರಣಗಳು ಊರಿನ ಹೊಸ ವಕೀಲನಾದ ಮ್ಯಾಕ್ಸ್‌ವೆಲ್ ಗ್ರೀನ್‌ಗೆ ಹೋಗುತ್ತಿದ್ದವು. ನ್ಯಾಯಾಲಯ ನೇಮಿಸಿದ ವಕೀಲನು ಕಾಟಾಚಾರಕ್ಕೆ ನಾಲ್ಕು ಪ್ರಶ್ನೆ ಕೇಳಿ ಕೈತೊಳೆದುಕೊಳ್ಳಬಹುದಿತ್ತು, ಹಾಗೆ ಮಾಡಿದ್ದರೆ ಊರಿನಲ್ಲಿ ಯಾರೂ ಅವನನ್ನು ದೂರುತ್ತಿರಲಿಲ್ಲ. ಆಟಿಕಸ್ ನಿಜವಾಗಿಯೂ ವಾದಿಸುತ್ತಾನೆ ಎಂಬುದೇ ಊರಿನವರ ಸಿಟ್ಟಿಗೆ ಕಾರಣ. ವೈದ್ಯರನ್ನು ಯಾರೂ ಕರೆಸಲೇ ಇಲ್ಲ ಎಂಬುದನ್ನು ಶೆರಿಫ್‌ನ ಬಾಯಿಂದಲೇ ಹೊರಡಿಸುವ ರೀತಿ, ಬಾಬ್ ಯೂಯೆಲ್‌ನ ಕೈಯಿಂದ ಲಕೋಟೆಯ ಮೇಲೆ ಸಹಿ ಹಾಕಿಸಿ ಅವನು ಎಡಚನೆಂದು ಎಲ್ಲರ ಕಣ್ಣೆದುರು ತೋರಿಸುವ ರೀತಿ, ಇವು ಯಾವ ಕಾಲಕ್ಕೂ ಪಾಟೀಸವಾಲಿನ ಒಳ್ಳೆಯ ಮಾದರಿಗಳೇ.

ಇನ್ನು ವಿರುದ್ಧವಾಗಿ. ಕಾದಂಬರಿಯಲ್ಲಿ ಜ್ಯೂರಿಯ ಆಯ್ಕೆ ನಮಗೆ ಕಾಣುವುದೇ ಇಲ್ಲ. ಆಟಿಕಸ್‌ನ ಮಕ್ಕಳು ಮಧ್ಯಾಹ್ನ ಒಳಗೆ ನುಸುಳುವ ಹೊತ್ತಿಗೆ ಬಿಸಿಲಿಗೆ ಕೆಂಪೇರಿದ ಹನ್ನೆರಡು ಮಂದಿ ಬಿಳಿಯ ರೈತರು ಕುಳಿತಾಗಿರುತ್ತದೆ. ಇದೇ 1935ರ ಏಪ್ರಿಲ್ 1ರಂದು, ಅಂದರೆ ಕಾದಂಬರಿಯ ಆ ವಿಚಾರಣೆಗೆ ಕೆಲವೇ ತಿಂಗಳ ಮೊದಲು, ಅಮೆರಿಕದ ಸುಪ್ರೀಂ ಕೋರ್ಟ್ ನಾರಿಸ್ ವಿರುದ್ಧ ಅಲಬಾಮಾ ಪ್ರಕರಣದಲ್ಲಿ ಕಪ್ಪು ಜನರನ್ನು ವ್ಯವಸ್ಥಿತವಾಗಿ ಜ್ಯೂರಿಯಿಂದ ಹೊರಗಿಟ್ಟು ಕೊಟ್ಟ ಶಿಕ್ಷೆ ಸಂವಿಧಾನಬಾಹಿರವೆಂದು ತೀರ್ಪು ಕೊಟ್ಟಿತ್ತು. ಆ ಪ್ರಕರಣ ಬೇರೆಲ್ಲಿಯದೂ ಅಲ್ಲ, ಅಲಬಾಮಾದ್ದೇ. ಕಪ್ಪು ಜನರ ಹೆಸರುಗಳನ್ನು ಜ್ಯೂರಿ ಪಟ್ಟಿಯಲ್ಲಿ ಆಮೇಲೆ ತುರುಕಲಾಗಿದೆ ಎಂದು ನ್ಯೂಯಾರ್ಕಿನ ವಕೀಲ ಸ್ಯಾಮ್ಯುಯೆಲ್ ಲೀಬೊವಿಟ್ಜ್ ಸುಪ್ರೀಂ ಕೋರ್ಟಿನಲ್ಲಿ ಹೇಳಿದಾಗ, ನ್ಯಾಯಮೂರ್ತಿಗಳು ಆ ಪುಸ್ತಕವನ್ನು ತರಿಸಿಕೊಂಡು ಭೂತಗನ್ನಡಿ ಹಿಡಿದು ಪರೀಕ್ಷಿಸಿದರು. ಶಾಸನಸಭೆಯ ಸದಸ್ಯನೂ ಆಗಿದ್ದ ಆಟಿಕಸ್‌ನಂಥ ವಕೀಲನಿಗೆ ಆ ತೀರ್ಪಿನ ಸುದ್ದಿ ತಲುಪಿರಲಿಲ್ಲವೆಂದು ನಂಬುವುದು ಕಷ್ಟ. ಹಾಗಿದ್ದರೂ ಅವನ ಮುಕ್ತಾಯದ ವಾದವು ಜ್ಯೂರಿಯಲ್ಲಿ ಕುಳಿತವರ ಆತ್ಮಸಾಕ್ಷಿಯನ್ನು ತಟ್ಟುತ್ತದೆಯೇ ಹೊರತು ಅವರು ಅಲ್ಲಿ ಕುಳಿತ ಬಗೆಯನ್ನು ಪ್ರಶ್ನಿಸುವುದಿಲ್ಲ.

ಹೊಸ ಓದು, ಮೈಸೂರು:

ವಕೀಲರ ಈ ಅಂಶವನ್ನು ಇನ್ನಷ್ಟು ಮುಂದಕ್ಕೆ ಒಯ್ಯಬಹುದು. ಕಾನೂನು ನೀತಿಶಾಸ್ತ್ರದ ಪ್ರಾಧ್ಯಾಪಕ ಮನ್ರೋ ಫ್ರೀಡ್‌ಮನ್ 1992ರಲ್ಲಿ ಬರೆದ ಲೇಖನವೊಂದು ಅಮೆರಿಕದ ವಕೀಲರ ವಲಯದಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿತ್ತು. ಆಟಿಕಸ್ ತಾನು ಬದುಕುತ್ತಿದ್ದ ವ್ಯವಸ್ಥೆಯ ವಿರುದ್ಧ ತಾನಾಗಿ ಎಂದೂ ಏನನ್ನೂ ಮಾಡಲಿಲ್ಲ, ನ್ಯಾಯಾಲಯ ಹೇಳಿದ್ದರಿಂದ ಮಾತ್ರ ಒಬ್ಬನ ಪರ ನಿಂತ ಎಂಬುದು ಅವರ ಆಕ್ಷೇಪದ ತಿರುಳು. ಬಹಳಷ್ಟು ವಕೀಲರಿಗೆ ಅದು ಮನೆದೇವರನ್ನು ಬೈದಂತೆ ಕೇಳಿಸಿತು.

ನನಗೆ ತೊಂದರೆ ಕೊಡುವುದು ಬೇರೆ ಜಾಗಗಳು. ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲಾನ್ ಬಗ್ಗೆ ಮಗ ಜೆಮ್ ಕೇಳಿದಾಗ, ಅದು ಹಿಂದೆಂದೋ ಇದ್ದ ಒಂದು ರಾಜಕೀಯ ಸಂಘಟನೆ ಎಂಬಂತೆ ಆಟಿಕಸ್ ಹಗುರವಾಗಿ ತೇಲಿಸಿಬಿಡುತ್ತಾನೆ. ಕಪ್ಪು ಜನರ ಬದುಕಿನೊಳಕ್ಕೆ ನಾವು ಹೋಗುವುದು ಒಂದೇ ಸಲ, ಅಡುಗೆಯ ಕ್ಯಾಲ್‌ಪರ್ನಿಯಾ ಮಕ್ಕಳನ್ನು ತನ್ನ ಚರ್ಚಿಗೆ ಕರೆದುಕೊಂಡು ಹೋದಾಗ. ಆ ಅಧ್ಯಾಯ ಮಾತ್ರ ಅಪರೂಪದ್ದು. ಟಾಮ್‌ನ ಹೆಂಡತಿ ಹೆಲೆನ್‌ಗೆ ಯಾರೂ ಕೆಲಸ ಕೊಡುತ್ತಿಲ್ಲವೆಂದು ರೆವರೆಂಡ್ ಸೈಕ್ಸ್ ಚಂದಾ ಎತ್ತುತ್ತಾರೆ, ಹತ್ತು ಡಾಲರ್ ತುಂಬುವವರೆಗೆ ಚರ್ಚಿನ ಬಾಗಿಲು ಹಾಕಿಸಿ, ಯಾರನ್ನೂ ಹೊರಗೆ ಬಿಡದೆ, ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾರೆ. ಅಲ್ಲಿ ಕುಳಿತವರೆಲ್ಲ ಹೊಲ ಮತ್ತು ಅಡುಗೆಮನೆಗಳಲ್ಲಿ ದುಡಿಯುವವರು, ಮರುದಿನ ಬೆಳಗ್ಗೆ ಬಿಳಿಯ ಯಜಮಾನರ ಮುಖ ನೋಡಬೇಕಾದವರು. ಆರೋಪಿಯ ಕುಟುಂಬಕ್ಕೆ ಬಹಿರಂಗವಾಗಿ ಹಣ ಹಾಕುವುದು ಅವರ ಪಾಲಿಗೆ ಸಣ್ಣ ಅಪಾಯವಲ್ಲ. ಈ ಸಾಮೂಹಿಕ ಧೈರ್ಯವನ್ನು ಲೇಖಕಿ ನೋಡಿದ್ದಾರೆ, ಬರೆದಿದ್ದಾರೆ, ಆದರೆ ಅಲ್ಲಿ ನಿಲ್ಲದೆ ಮತ್ತೆ ಫಿಂಚ್ ಮನೆಯ ವರಾಂಡಕ್ಕೆ ಹಿಂದಿರುಗಿಬಿಡುತ್ತಾರೆ.

2015ರಲ್ಲಿ ಲೀ ಅವರ ‘ಗೋ ಸೆಟ್ ಎ ವಾಚ್‌ಮನ್’ ಹೊರಬಂದಾಗ ಅನೇಕರಿಗೆ ಆಘಾತವಾಯಿತು. ಮೊದಲು ಬರೆದದ್ದು ಆ ಹಸ್ತಪ್ರತಿಯೇ. ಅದರಲ್ಲಿ ಮುದುಕನಾದ ಆಟಿಕಸ್ ವರ್ಣಭೇದವನ್ನು ಉಳಿಸಿಕೊಳ್ಳಲು ಹೊರಟವರ ಸಭೆಯಲ್ಲಿ ಕುಳಿತಿರುತ್ತಾನೆ, ವಿಚಿತ್ರವೆಂದರೆ ಅದೇ ಪುಸ್ತಕದಲ್ಲಿ ಅವನು ವಾದಿಸಿದ ಕಪ್ಪು ಆರೋಪಿ ಖುಲಾಸೆಯಾಗಿರುತ್ತಾನೆ. ನನಗೇನೋ ಅದರಲ್ಲಿ ಆಘಾತಪಡುವಂಥದ್ದು ಕಾಣಲಿಲ್ಲ. ಒಬ್ಬ ವ್ಯಕ್ತಿಗೆ ನ್ಯಾಯ ಸಿಗಬೇಕೆಂದು ಬಯಸುತ್ತ, ಆ ವ್ಯಕ್ತಿಯ ಸಮುದಾಯಕ್ಕೆ ಸಮಾನತೆ ಬೇಡವೆನ್ನುವ ಸಜ್ಜನರು ಆ ಕಾಲದ ಅಮೆರಿಕದ ದಕ್ಷಿಣದಲ್ಲಿ ಧಾರಾಳವಾಗಿದ್ದರು.

ಅಟ್ಲಾಂಟಾ ಕನ್ನಡತಿ:

ಈ ಚರ್ಚೆಗೆ ಊರಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಹಾರ್ಪರ್ ಲೀ 1926ರಲ್ಲಿ ಹುಟ್ಟಿದ್ದು, 2016ರಲ್ಲಿ ತೀರಿಕೊಂಡದ್ದು ಎರಡೂ ಅಲಬಾಮಾದ ಮನ್ರೋವಿಲ್‌ನಲ್ಲಿ. ಅವರ ತಂದೆ ಅಮಾಸಾ ಕೋಲ್‌ಮನ್ ಲೀ ಅಲ್ಲಿಯೇ ವಕೀಲರಾಗಿದ್ದರು. 1919ರಲ್ಲಿ ಅವರು ಕೊಲೆ ಆರೋಪ ಹೊತ್ತ ಇಬ್ಬರು ಕಪ್ಪು ವ್ಯಕ್ತಿಗಳ ಪರ ವಾದಿಸಿದ್ದರು, ಇಬ್ಬರೂ ಗಲ್ಲಿಗೇರಿದರು. 1933ರಲ್ಲಿ ಅದೇ ಕೌಂಟಿಯಲ್ಲಿ ವಾಲ್ಟರ್ ಲೆಟ್ ಎಂಬ ಕಪ್ಪು ವ್ಯಕ್ತಿಯ ಮೇಲೆ ಬಿಳಿಯ ಹೆಂಗಸೊಬ್ಬಳ ಅತ್ಯಾಚಾರದ ಆರೋಪ ಬಂದು ಮರಣದಂಡನೆಯಾಯಿತು. ಆಮೇಲೆ ಅದು ಜೀವಾವಧಿಗೆ ಇಳಿಯಿತಾದರೂ ಅವನು ಬಿಡುಗಡೆಯಾಗಲೇ ಇಲ್ಲ, 1937ರಲ್ಲಿ ಕ್ಷಯದಿಂದ ತೀರಿಕೊಂಡ. ಆ ವಿಚಾರಣೆ ನಡೆದಾಗ ಲೇಖಕಿಗೆ ಏಳೆಂಟು ವರ್ಷ.

ನಾವು ಮನೆಯವರೆಲ್ಲ ಒಂದು ವಸಂತದಲ್ಲಿ ಮನ್ರೋವಿಲ್‌ಗೆ ಹೋಗಿದ್ದೆವು. ಹಳೆಯ ನ್ಯಾಯಾಲಯದ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಪ್ರತಿ ವರ್ಷ ಆ ಋತುವಿನಲ್ಲಿ ಊರಿನವರೇ ಸೇರಿ ಈ ಕಾದಂಬರಿಯ ನಾಟಕವಾಡುತ್ತಾರೆ. ಮೊದಲ ಅಂಕ ಹೊರಗೆ ಹುಲ್ಲುಹಾಸಿನ ಮೇಲೆ, ಎರಡನೆಯದು ಒಳಗೆ ನಿಜವಾದ ನ್ಯಾಯಾಲಯದ ಕೋಣೆಯಲ್ಲಿ. ಸಿನಿಮಾದವರು ಹಾಲಿವುಡ್‌ನಲ್ಲಿ ಸೆಟ್ ಹಾಕಿದ್ದು ಇದೇ ಕೋಣೆಯ ಅಳತೆ ತೆಗೆದುಕೊಂಡು. ನಡುವೆ ಪ್ರೇಕ್ಷಕರೊಳಗಿಂದಲೇ ಹನ್ನೆರಡು ಮಂದಿಯನ್ನು ಜ್ಯೂರಿಯಾಗಿ ಕರೆಯುತ್ತಾರೆ, 1935ರಲ್ಲಿ ಇದ್ದಂತೆ ಬಿಳಿಯ ಗಂಡಸರನ್ನು ಮಾತ್ರ. ನಮ್ಮ ಯಜಮಾನರನ್ನಾಗಲಿ ನನ್ನನ್ನಾಗಲಿ ಕರೆಯುವ ಪ್ರಶ್ನೆಯೇ ಇರಲಿಲ್ಲ. ಅಲಬಾಮಾದಲ್ಲಿ ಹೆಂಗಸರಿಗೆ ಜ್ಯೂರಿಯಲ್ಲಿ ಕೂರುವ ಹಕ್ಕು ಬಂದದ್ದು 1966ರ ನ್ಯಾಯಾಲಯದ ಆದೇಶದಿಂದ. ನನ್ನ ಪಕ್ಕದಲ್ಲಿದ್ದ ಒಬ್ಬರು ನಗುನಗುತ್ತ ಎದ್ದು ಹೋಗಿ ಜ್ಯೂರಿಯ ಕುರ್ಚಿಯಲ್ಲಿ ಕುಳಿತರು. ‘ಅಪರಾಧಿ’ ಎಂಬ ತೀರ್ಪು ಬರುವ ಹೊತ್ತಿಗೆ ಅವರು ತಮ್ಮ ಮೊಣಕಾಲನ್ನೇ ನೋಡುತ್ತಿದ್ದರು.

ಈ ಊರಿಗೆ ಇನ್ನೊಂದು ಕಥೆಯೂ ಇದೆ. 1986ರ ನವೆಂಬರ್‌ನಲ್ಲಿ ಮನ್ರೋವಿಲ್‌ನ ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಬಿಳಿಯ ಯುವತಿಯ ಕೊಲೆಯಾಯಿತು. ಮರದ ಕೆಲಸ ಮಾಡುತ್ತಿದ್ದ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ವ್ಯಕ್ತಿಯನ್ನು 1987ರಲ್ಲಿ ಬಂಧಿಸಿದರು. ಕೊಲೆಯ ಹೊತ್ತಿನಲ್ಲಿ ಅವನು ತನ್ನ ಮನೆಯಂಗಳದಲ್ಲಿ ಮೀನು ಹುರಿದು ಚರ್ಚಿಗಾಗಿ ಮಾರುತ್ತಿದ್ದವರ ಜೊತೆಗಿದ್ದ. ಅದನ್ನು ಹೇಳಲು ಸಾಕ್ಷಿಗಳು ಬಹಳ ಮಂದಿ ಇದ್ದರು, ಬಹುತೇಕ ಎಲ್ಲರೂ ಕಪ್ಪು ಜನ, ಯಾರ ಮಾತೂ ಲೆಕ್ಕಕ್ಕೆ ಬರಲಿಲ್ಲ. ವಿಚಾರಣೆಗೆ ಮೊದಲೇ ಅವನನ್ನು ಮರಣದಂಡನೆ ಕೈದಿಗಳ ಕೋಣೆಯಲ್ಲಿ ಇಟ್ಟಿದ್ದರು. ವಿಚಾರಣೆ ಎರಡು ದಿನದೊಳಗೆ ಮುಗಿಯಿತು. ಜ್ಯೂರಿ ಜೀವಾವಧಿ ಸಾಕೆಂದಿತು, ನ್ಯಾಯಾಧೀಶರು ಅದನ್ನು ತಳ್ಳಿಹಾಕಿ ಮರಣದಂಡನೆ ವಿಧಿಸಿದರು. ಬ್ರಯಾನ್ ಸ್ಟೀವನ್‌ಸನ್ ಎಂಬ ತರುಣ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 1993ರ ಮಾರ್ಚ್‌ನಲ್ಲಿ ಅವನು ಹೊರಬಂದ. ಆ ಪ್ರಕರಣಕ್ಕಾಗಿ ಊರಿಗೆ ಹೋದಾಗಲೆಲ್ಲ ಅಲ್ಲಿನವರು ತಮ್ಮ ಊರಿನ ಕಾದಂಬರಿಯನ್ನು ಓದಿದ್ದೀರಾ ಎಂದು ಹೆಮ್ಮೆಯಿಂದ ಕೇಳುತ್ತಿದ್ದುದನ್ನು ಸ್ಟೀವನ್‌ಸನ್ ಬರೆದಿದ್ದಾರೆ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ:

ತಂಗಿ, ಈ ಕೊನೆಯ ಸಂಗತಿಯಿಂದಾಗಿ ನಾನು ಕೇಳಿದ ಪ್ರಶ್ನೆ ಇನ್ನಷ್ಟು ಹರಿತವಾಯಿತು. ಆಟಿಕಸ್‌ನನ್ನು ಮೆಚ್ಚಿಕೊಳ್ಳುವುದಕ್ಕೆ ಓದುಗನು ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ. ಅವನ ಪಕ್ಕದಲ್ಲಿ ನಿಂತಂತೆ ಭಾವಿಸಿ, ಕಣ್ಣೊರೆಸಿಕೊಂಡು, ಪುಸ್ತಕ ಮುಚ್ಚಿ, ಅದೇ ಊರಿನ ಮುಂದಿನ ಜ್ಯೂರಿಯಲ್ಲಿ ಹೋಗಿ ಕೂರಬಹುದು. ಹಾರ್ಪರ್ ಲೀ ಅವರಿಗೆ ಇದು ಗೊತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ. ಶಾಲೆಯಲ್ಲಿ ಮಿಸ್ ಗೇಟ್ಸ್ ಎಂಬ ಶಿಕ್ಷಕಿ ಹಿಟ್ಲರ್ ಯಹೂದಿಗಳನ್ನು ಪೀಡಿಸುವುದರ ಬಗ್ಗೆ ಮಕ್ಕಳ ಮುಂದೆ ಕಂಬನಿ ಮಿಡಿಯುವಷ್ಟು ಮರುಗುತ್ತಾಳೆ. ವಿಚಾರಣೆಯ ದಿನ ನ್ಯಾಯಾಲಯದ ಮೆಟ್ಟಿಲಿಳಿಯುತ್ತ ಕಪ್ಪು ಜನರಿಗೆ ಯಾರಾದರೂ ಬುದ್ಧಿ ಕಲಿಸಬೇಕಿತ್ತು ಎಂದವಳೂ ಅವಳೇ. ಕಥೆ ಹೇಳುವ ಆಟಿಕಸ್‌ನ ಮಗಳು, ಎಂಟು ವರ್ಷದ ಸ್ಕೌಟ್‌ಗೆ ಈ ಎರಡನ್ನೂ ಒಂದೇ ಬಾಯಿ ಹೇಗೆ ಹೇಳುತ್ತದೆ ಎಂದು ಅರ್ಥವಾಗುವುದಿಲ್ಲ.

ಕಾಡುಮಲ್ಲಿಗೆ, ಕುಂದಾಪುರ:

ಯಾರೂ ಮೇಯೆಲ್ಲಾಳ ಮಾತೆತ್ತಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಅವಳ ಸುಳ್ಳಿನಿಂದ ಒಬ್ಬನ ಪ್ರಾಣ ಹೋಯಿತು, ಅದನ್ನು ತೆಳುಗೊಳಿಸುವ ಉದ್ದೇಶ ನನಗಿಲ್ಲ. ಆದರೂ ಊರಿನ ಕಸದ ರಾಶಿಯ ಪಕ್ಕದ ಆ ಗುಡಿಸಿಲಿನ ಅಂಗಳದಲ್ಲಿ, ಎನಾಮೆಲ್ ಕಿತ್ತುಹೋದ ಆರು ಪಾತ್ರೆಗಳಲ್ಲಿ ಕೆಂಪು ಜೆರೇನಿಯಂ ಹೂಗಳನ್ನು ಜತನದಿಂದ ಬೆಳೆಸಿದವಳು ಅವಳು. ತಮ್ಮ ತಂಗಿಯರು ಏಳು ಮಂದಿಯನ್ನೂ ಐಸ್‌ಕ್ರೀಂ ತಿನ್ನಲು ಪೇಟೆಗೆ ಕಳಿಸಲು ಏಳು ನಾಣ್ಯ ಕೂಡಿಸುವುದಕ್ಕೆ ಅವಳಿಗೆ ಒಂದು ವರ್ಷ ಬೇಕಾಯಿತು. ಅಪ್ಪ ತನಗೆ ಮಾಡುವುದು ಲೆಕ್ಕಕ್ಕಿಲ್ಲ ಎಂದು ಅವಳು ಆ ದಿನ ಹೇಳಿದ್ದನ್ನು ಟಾಮ್ ತನ್ನ ಸಾಕ್ಷ್ಯದಲ್ಲಿ ತಿಳಿಸುತ್ತಾನೆ. ಆ ಒಂದು ಸಾಲಿನಲ್ಲಿ ಅಡಗಿರುವ ಭೀಕರತೆಯನ್ನು ನ್ಯಾಯಾಲಯದಲ್ಲಿ ಯಾರೂ ಕೆದಕುವುದಿಲ್ಲ. ಆಟಿಕಸ್ ಮರ್ಯಾದೆಯಿಂದ ‘ಮಿಸ್ ಮೇಯೆಲ್ಲಾ’ ಎಂದು ಕರೆದರೆ ಅವನು ತನ್ನನ್ನು ಗೇಲಿ ಮಾಡುತ್ತಿದ್ದಾನೆಂದು ಅವಳಿಗೆ ಅಳು ಬರುತ್ತದೆ, ಅಂಥ ಮಾತನ್ನು ಅವಳು ಜನ್ಮದಲ್ಲಿ ಕೇಳಿಲ್ಲ.

ಆ ಊರಿನಲ್ಲಿ ಅವಳಿಗಿಂತ ಕೆಳಗೆ ಇರುವವರು ಕಪ್ಪು ಜನ ಮಾತ್ರ, ಅವಳ ಬಳಿ ಇರುವ ಏಕೈಕ ಆಸ್ತಿ ಬಿಳಿಯ ಚರ್ಮ. ನಿಜ ಹೇಳಿದರೆ ಆ ಆಸ್ತಿಯೂ ಹೋಗುತ್ತದೆ. ಆದರೆ ನಿಜ ಹೇಳುವುದು ಅಸಾಧ್ಯವಾಗಿತ್ತು ಎಂದು ಕೂಡ ಹೇಳಲಾಗದು. ವಕೀಲರು ಪ್ರಸ್ತಾಪಿಸಿದ ನಾರಿಸ್ ತೀರ್ಪಿನ ಮೂಲವಾದ ಸ್ಕಾಟ್ಸ್‌ಬರೋ ಪ್ರಕರಣದಲ್ಲಿ ಆರೋಪ ಮಾಡಿದ್ದವರು ಗಿರಣಿ ಕೆಲಸದ ಇಬ್ಬರು ಬಡ ಬಿಳಿಯ ಹೆಂಗಸರು. ಅವರಲ್ಲಿ ರೂಬಿ ಬೇಟ್ಸ್ 1933ರಲ್ಲಿ ನ್ಯಾಯಾಲಯಕ್ಕೆ ಬಂದು, ಅತ್ಯಾಚಾರ ನಡೆದೇ ಇರಲಿಲ್ಲ ಎಂದು ಎಲ್ಲರೆದುರು ಹೇಳಿಕೆಯನ್ನು ಹಿಂತೆಗೆದುಕೊಂಡಳು. ಜ್ಯೂರಿ ಅವಳನ್ನು ನಂಬಲಿಲ್ಲ, ಹಣ ಪಡೆದು ತಿರುಗಿಬಿದ್ದವಳೆಂದು ಜರೆಯಿತು ಆ ಊರು. ವಿಮರ್ಶಕರ ಪಟ್ಟಿಗಳಲ್ಲಿ ರೂಬಿ ಬೇಟ್ಸ್ ಹೆಸರು ನನಗೆ ಎಲ್ಲಿಯೂ ಧೈರ್ಯದ ಉದಾಹರಣೆಯಾಗಿ ಸಿಕ್ಕಿಲ್ಲ.

ಕರಿಕೋಟು, ಹುಬ್ಬಳ್ಳಿ:

ಅಕ್ಕಾ, ಆ ಹೆಸರನ್ನು ಎತ್ತಿದ್ದು ಒಳ್ಳೆಯದಾಯಿತು. ಅದೇ ವಿಚಾರಣೆಯ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. 1931ರ ಮಾರ್ಚ್ 25ರಂದು ಅಲಬಾಮಾದ ಪೇಂಟ್ ರಾಕ್ ಎಂಬಲ್ಲಿ ಗೂಡ್ಸ್ ರೈಲಿನಿಂದ ಒಂಬತ್ತು ಮಂದಿ ಕಪ್ಪು ಹುಡುಗರನ್ನು ಇಳಿಸಿ ಬಂಧಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಎಂಟು ಮಂದಿಗೆ ಮರಣದಂಡನೆಯಾಯಿತು. ಸುಪ್ರೀಂ ಕೋರ್ಟ್ 1932ರಲ್ಲಿ ಅದನ್ನು ರದ್ದುಪಡಿಸಿ ಮರುವಿಚಾರಣೆಗೆ ಕಳಿಸಿತು. ಡಿಕೇಟರ್ ಊರಿನಲ್ಲಿ ಹೇವುಡ್ ಪ್ಯಾಟರ್ಸನ್‌ನ ಮರುವಿಚಾರಣೆ ನಡೆಸಿದವರು ನ್ಯಾಯಾಧೀಶ ಜೇಮ್ಸ್ ಹಾರ್ಟನ್. ಜ್ಯೂರಿ ಮತ್ತೆ ಮರಣದಂಡನೆ ವಿಧಿಸಿತು. ಹಾರ್ಟನ್ 1933ರ ಜೂನ್‌ನಲ್ಲಿ ಸಾಕ್ಷ್ಯವನ್ನು ಅಂಶ ಅಂಶವಾಗಿ ಪರಿಶೀಲಿಸಿ, ವೈದ್ಯರ ಹೇಳಿಕೆಯೇ ಆರೋಪಕ್ಕೆ ವಿರುದ್ಧವಾಗಿದೆ ಎಂದು ತೋರಿಸಿ, ಆ ತೀರ್ಪನ್ನು ತಳ್ಳಿಹಾಕಿದರು. ಅಲ್ಲಿ ನ್ಯಾಯಾಧೀಶರನ್ನು ಆರಿಸುವುದು ಮತದಾರರು. 1934ರಲ್ಲಿ ಅವರು ಚುನಾವಣೆ ಸೋತರು, ಮತ್ತೆಂದೂ ನ್ಯಾಯಪೀಠಕ್ಕೆ ಹಿಂದಿರುಗಲಿಲ್ಲ.

ಕಾದಂಬರಿಯಲ್ಲಿ ನ್ಯಾಯಾಧೀಶ ಟೇಲರ್ ಒಳ್ಳೆಯ ವಕೀಲನನ್ನು ನೇಮಿಸುವಷ್ಟಕ್ಕೆ ನಿಲ್ಲುತ್ತಾರೆ. ತೀರ್ಪನ್ನು ತಳ್ಳಿಹಾಕುವ ದಾರಿ ಅವರ ಮುಂದೆಯೂ ಇತ್ತು, ಅದೇ ರಾಜ್ಯದ ಉದಾಹರಣೆ ಎರಡೇ ವರ್ಷ ಹಳೆಯದು. ಆಟಿಕಸ್ ಕೂಡ ಮುಂದಿನ ಚುನಾವಣೆಯಲ್ಲಿ ಅವಿರೋಧವಾಗಿ ಶಾಸನಸಭೆಗೆ ಮರುಆಯ್ಕೆಯಾಗುತ್ತಾನೆ ಎಂಬುದನ್ನು ಇದರ ಜೊತೆಗೇ ಓದಿಕೊಳ್ಳಿ. ಅವನ ಮುಖಕ್ಕೆ ಉಗುಳಿದ್ದು ಬಾಬ್ ಯೂಯೆಲ್ ಒಬ್ಬನೇ. ಊರಿನ ದೊಡ್ಡವರು ಅವನಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ.

ಹೊಸ ಓದು, ಮೈಸೂರು:

ಒಂದು ಸಣ್ಣ ಪ್ರಶ್ನೆ. ಧೈರ್ಯವೆಂದರೆ ಏನೆಂದು ಕಾದಂಬರಿಯೇ ಒಂದು ಕಡೆ ಹೇಳುತ್ತದೆ. ಆರಂಭಿಸುವ ಮೊದಲೇ ಸೋತೆವೆಂದು ಗೊತ್ತಿದ್ದರೂ ಆರಂಭಿಸಿ ಕೊನೆಮುಟ್ಟಿಸುವುದು ಎಂದು ಆಟಿಕಸ್ ಜೆಮ್‌ಗೆ ವಿವರಿಸುವುದು ಮಾರ್ಫಿನ್ ಚಟವನ್ನು ಬಿಟ್ಟು ಸತ್ತ ಮಿಸೆಸ್ ಡ್ಯೂಬೋಸ್ ಎಂಬ ಮುದುಕಿಯ ನೆಪದಲ್ಲಿ. ಬೀದಿಯಲ್ಲಿ ಹೋಗುವ ಮಕ್ಕಳಿಗೆ ಅವರ ತಂದೆ ಕಪ್ಪು ಜನರ ಪರ ವಾದಿಸುತ್ತಾನೆಂದು ಬಾಯಿಗೆ ಬಂದಂತೆ ಬಯ್ಯುತ್ತಿದ್ದವಳು ಆಕೆ. ತಾನು ಕಂಡವರಲ್ಲಿ ಅತ್ಯಂತ ಧೈರ್ಯಶಾಲಿ ಆಕೆಯೇ ಎನ್ನುತ್ತಾನೆ ಆಟಿಕಸ್. ವ್ಯಕ್ತಿಯ ಒಳಗಿನ ಗಟ್ಟಿತನಕ್ಕೂ ಪರರ ವಿಷಯದಲ್ಲಿ ಆ ವ್ಯಕ್ತಿ ನಡೆದುಕೊಳ್ಳುವ ರೀತಿಗೂ ಸಂಬಂಧವೇ ಇಲ್ಲವೆಂದು ಒಪ್ಪಿಕೊಂಡರೆ, ಅದನ್ನು ನೈತಿಕ ಧೈರ್ಯ ಎಂದು ಕರೆಯಬಹುದೇ?

ನಿವೃತ್ತ ಮೇಷ್ಟ್ರು, ಶಿವಮೊಗ್ಗ:

ಕರೆಯಲಾಗದು ಎಂಬುದು ನನ್ನ ಅಭಿಪ್ರಾಯ, ತಮ್ಮಾ. ಆದರೆ ಆಟಿಕಸ್‌ನ ಆ ಅಳತೆಗೋಲನ್ನು ಟಾಮ್‌ನ ಕೊನೆಗೆ ಹಿಡಿದು ನೋಡು. ಮೇಲ್ಮನವಿಯಲ್ಲಿ ಒಳ್ಳೆಯ ಅವಕಾಶವಿದೆ ಎಂದು ಆಟಿಕಸ್ ಹೇಳಿದ್ದಾನೆ. ಅಷ್ಟರಲ್ಲಿ ಎನ್‌ಫೀಲ್ಡ್ ಸೆರೆಮನೆಯ ಅಂಗಳದಲ್ಲಿ ವ್ಯಾಯಾಮದ ಹೊತ್ತಿನಲ್ಲಿ ಟಾಮ್ ಓಡಿ ಬೇಲಿ ಹತ್ತತೊಡಗಿದನಂತೆ, ಕಾವಲಿನವರು ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರಂತೆ, ಆಮೇಲೆ ಕೊಂದರಂತೆ. ಮೈಯಲ್ಲಿ ಹದಿನೇಳು ಗುಂಡಿನ ಗಾಯಗಳು. ಬಿಳಿಯರು ಕೊಡುವ ಅವಕಾಶಗಳಿಂದ ಬೇಸತ್ತು ಟಾಮ್ ತನ್ನದೇ ಒಂದನ್ನು ಆರಿಸಿಕೊಂಡಿರಬೇಕು ಎಂದು ಆಟಿಕಸ್ ಸಮಾಧಾನ ಹೇಳಿಕೊಳ್ಳುತ್ತಾನೆ. ಕಾದಂಬರಿಯುದ್ದಕ್ಕೂ ಟಾಮ್‌ನ ಮನಸ್ಸಿಗೆ ಅತಿ ಹತ್ತಿರ ಬರುವ ವಾಕ್ಯ ಇದು, ಅದೂ ಊಹೆ, ಅದೂ ವಕೀಲನದು.

ಕರಿಕೋಟು, ಹುಬ್ಬಳ್ಳಿ:

ನೀವು ಬಳಸಿದ ‘ಅಂತೆ’ಗಳೇ ಇಲ್ಲಿ ಮುಖ್ಯ, ಮೇಷ್ಟ್ರೇ. ತಪ್ಪಿಸಿಕೊಳ್ಳಲು ಯತ್ನಿಸಿದಾಗ ಗುಂಡು ಹಾರಿಸಬೇಕಾಯಿತು ಎಂಬ ವಾಕ್ಯವನ್ನು ನಮ್ಮ ಪತ್ರಿಕೆಗಳಲ್ಲಿ ಓದಿ ಓದಿ ಅಭ್ಯಾಸವಾದವರಿಗೆ ಕೂಡಲೇ ಒಂದು ಅನುಮಾನ ಬರಬೇಕು. ಎಡಗೈಯಲ್ಲಿ ಕಸುವೇ ಇಲ್ಲದ ಮನುಷ್ಯ ಕಾವಲಿನವರ ಕಣ್ಣೆದುರಿಗೆ ಬೇಲಿ ಹತ್ತಲು ಹೊರಟದ್ದಕ್ಕೆ ಇರುವ ಸಾಕ್ಷಿಗಳು ಗುಂಡು ಹಾರಿಸಿದವರು ಮಾತ್ರ. ವಿಚಾರಣೆಯಲ್ಲಿ ವೈದ್ಯರ ಸಾಕ್ಷ್ಯ ಎಲ್ಲಿ ಎಂದು ಅಷ್ಟು ಬಿಗಿಯಾಗಿ ಕೇಳಿದ ಆಟಿಕಸ್, ಎರಡು ಕೈ ನೆಟ್ಟಗಿದ್ದಿದ್ದರೆ ತಪ್ಪಿಸಿಕೊಂಡುಬಿಡುತ್ತಿದ್ದ ಎಂಬ ಕಾವಲಿನವರ ಮಾತನ್ನು ಅಡುಗೆಮನೆಯಲ್ಲಿ ನಿಂತು ಹಾಗೆಯೇ ಪುನರುಚ್ಚರಿಸುತ್ತಾನೆ. ಅಷ್ಟೊಂದು ಗುಂಡು ಹಾರಿಸುವ ಅಗತ್ಯವಿರಲಿಲ್ಲ ಎನ್ನುತ್ತಾನೆಯೇ ಹೊರತು ತನಿಖೆಯಾಗಬೇಕೆಂದು ಕೇಳುವುದಿಲ್ಲ. ಪಕ್ಕದ ಕೋಣೆಯಲ್ಲಿ ಮಿಷನ್ ಸಂಘದ ಹೆಂಗಸರು ದೂರದೇಶದ ಬುಡಕಟ್ಟಿನವರಿಗಾಗಿ ಮರುಗುತ್ತ ಕಾಫಿ ಕುಡಿಯುತ್ತಿರುತ್ತಾರೆ.

ಕಾದಂಬರಿಯ ಕೊನೆಯಲ್ಲಿ ಇನ್ನೊಂದು ಸಾವು ಸಂಭವಿಸುತ್ತದೆ. ಮಕ್ಕಳ ಮೇಲೆ ಚಾಕು ಎತ್ತಿದ ಬಾಬ್ ಯೂಯೆಲ್‌ನನ್ನು ಏಕಾಂಗಿ ಬೂ ರಾಡ್ಲಿ ಕೊಲ್ಲುತ್ತಾನೆ. ಯೂಯೆಲ್ ತನ್ನ ಚಾಕುವಿನ ಮೇಲೆ ತಾನೇ ಬಿದ್ದು ಸತ್ತ ಎಂದು ಶೆರಿಫ್ ಹೆಕ್ ಟೇಟ್ ದಾಖಲಿಸಲು ನಿರ್ಧರಿಸುತ್ತಾನೆ, ಆಟಿಕಸ್ ತಡವರಿಸಿ ಒಪ್ಪಿಕೊಳ್ಳುತ್ತಾನೆ. ನಾಚಿಕೆಯ ಸ್ವಭಾವದ ಬಿಳಿಯ ಮನುಷ್ಯನನ್ನು ಜನರ ಕಣ್ಣಿನಿಂದ ಕಾಪಾಡುವುದಕ್ಕಾಗಿ ಈ ತನಿಖೆಯನ್ನು ಮುಚ್ಚುತ್ತಾರೆ. ಎನ್‌ಫೀಲ್ಡ್‌ನ ತನಿಖೆ ಆರಂಭವಾಗುವುದೇ ಇಲ್ಲ. ಮೊದಲನೆಯದನ್ನು ಓದುಗರಾದ ನಾವು ಕರುಣೆಯೆಂದು ಕೊಂಡಾಡುತ್ತೇವೆ, ಎರಡನೆಯದನ್ನು ದುರಂತವೆಂದು ಒಪ್ಪಿಕೊಳ್ಳುತ್ತೇವೆ. ಇವೆರಡನ್ನೂ ಎದುರುಬದುರು ಇಟ್ಟು ಓದಿದವರು ಯಾರಾದರೂ ಇದ್ದರೆ ಮುಂದುವರಿಸಿ.